ಹಕ್ಕಿ ಕಾಯುವ ದನಿಯಲ್ಲಿ ಕಲಿತ ಮಾತು

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಇತ್ತೀಚೆಗೆ ಒಬ್ಬ ತಾಯಿಯನ್ನು ಕಂಡೆ. ಬೆಂಚಿನ ಮೇಲೆ ಕೂತ ತನ್ನ ಪುಟ್ಟ ಮಗಳ ಬೆನ್ನ ಹಿಂದೆ ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು, ಬಾಳೆಹಣ್ಣು, ಚೀಲ, ಚಪ್ಪಲಿ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಮಗು ಕೇಳಿದ್ದನ್ನೆಲ್ಲ ಮುಟ್ಟಿ ತೋರಿಸುತ್ತಿತ್ತು. ಅದರ ಕಿವಿಯ ಹಿಂದೆ, ಕೂದಲ ನಡುವೆ, ದೊಡ್ಡ ಗುಂಡಿಯಂಥದ್ದೊಂದು ಅಂಟಿಕೊಂಡಿತ್ತು. ಈಗ ಆಪರೇಷನ್ ಮಾಡಿ ಕಿವಿಯ ಒಳಗೇ ತಂತಿ ಕೂರಿಸುತ್ತಾರೆ. ಹಾಗೆ ಕೂರಿಸಿದ ಮಗುವಿಗೆ ಒಂದೊಂದು ಸಪ್ಪಳವೂ ಇಂಥದ್ದು ಎಂದು ಹೀಗೆ ಕಲಿಸಬೇಕಾಗುತ್ತದೆ. ಸುತ್ತಲಿನವರು ತಮ್ಮ ಬಸ್ಸು ನೋಡುವುದು ಬಿಟ್ಟು ಆ ತಾಯಿಯನ್ನೇ ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನಾಚಿಕೆಯಾದದ್ದು ನನಗೆ. ಅರವತ್ತರ ಹತ್ತಿರ ಬಂದ ಹೆಂಗಸು ನಾನು, ಮುಖ ಬಿಸಿಯಾಗಿ, ತಲೆಯ ಮೇಲೆ ಸೆರಗೆಳೆದು ನನ್ನ ಕಿವಿಯ ಮಷೀನು ಮುಚ್ಚಿಕೊಂಡೆ. ಬೇರೆಯವರ ಮನೆಯ ಮಾತಿಗೆ ನನಗೇಕೆ ನಾಚಿಕೆ ಎಂದು ನನ್ನ ಮೇಲೇ ಸಿಟ್ಟೂ ಬಂತು.

ಈ ನಾಚಿಕೆ ಹಳೆಯದು. ಎಪ್ಪತ್ತರ ದಶಕದಲ್ಲಿ, ಯಲಬುರ್ಗಾದಲ್ಲಿ ಬಸ್ಸಿಳಿದು ಎರೆ ಹೊಲಗಳ ನಡುವೆ ನಡೆದು ಹೋಗಬೇಕಾದ ನಮ್ಮ ಊರಿನಲ್ಲಿ ಅದು ನನಗೆ ಅಂಟಿಕೊಂಡಿತು. ನಾನು ಮೂರು ವರ್ಷದವಳಿದ್ದಾಗ ಒಂದು ಜ್ವರ ಬಂದಿತ್ತಂತೆ. ಆ ಜ್ವರ ನನ್ನನ್ನು ಬಿಟ್ಟು ನನ್ನ ಕಿವಿಗಳನ್ನು ಒಯ್ದಿತು. ಅಷ್ಟರಲ್ಲಿ ಕಲಿತಿದ್ದ ನಾಲ್ಕು ಮಾತು ಒಂದೊಂದಾಗಿ ಉದುರಿಹೋದವು. ಹರಕೆ ಹೊತ್ತರು, ದರ್ಗಾದಿಂದ ತಾಯಿತ ತಂದು ಕಟ್ಟಿದರು, ಕಿವಿಗೆ ಬಿಸಿ ಎಣ್ಣೆ ಬಿಟ್ಟರು. ಎಣ್ಣೆಯಿಂದ ಆದ ಲಾಭವೆಂದರೆ ದಿಂಬಿಗೆ ಜಿಡ್ಡು ಹಿಡಿದದ್ದು. ಊರು ಮಾತ್ರ ತಡಮಾಡದೆ ನನಗೆ ‘ಕೆಪ್ಪಿ’ ಎಂದು ಹೆಸರಿಟ್ಟಿತು. ಕಿವುಡರಿಗೆ ಹೆಸರಿಡುವುದು ಸುಲಭ, ಅವರು ತಿರುಗಿ ಬೈಯುವುದಿಲ್ಲ.

ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಅಮಾವಾಸ್ಯೆಗೋ ಹಬ್ಬಕ್ಕೋ ಮನೆಗೆ ಬರುತ್ತಿದ್ದ. ಉಳಿದಂತೆ ಮನೆಯಲ್ಲಿ ಇದ್ದದ್ದು ನಾನು, ಅವ್ವ ಮತ್ತು ಅಪ್ಪನ ಅಪ್ಪ. ಆತನನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಮುತ್ಯಾ ಊರಲ್ಲಿ ಹಿರಿಯ ಮನುಷ್ಯ. ಬದುವಿನ ಜಗಳ, ಗಂಡ ಹೆಂಡಿರ ಜಗಳ, ಎಲ್ಲವೂ ನಮ್ಮ ಪಡಸಾಲೆಗೆ ಬರುತ್ತಿದ್ದವು. ರುಮಾಲು ಸುತ್ತಿ ಆತ ಒಮ್ಮೆ ಅಲ್ಲಿ ಕೂತನೆಂದರೆ ಊಟದ ಹೊತ್ತಿಗೇ ಏಳುವುದು.

ನಮ್ಮಂಥ ಮನೆಗಳಲ್ಲಿ ಆಗ ಸೊಸೆಯಾದವಳು ಮಾವನ ಎದುರು ಮಾತಾಡುವಂತಿರಲಿಲ್ಲ. ಎದುರು ಬಂದರೆ ಸೆರಗು ಹೊದ್ದು ಗೋಡೆ ಕಡೆ ಸರಿಯಬೇಕು. ಆಕೆಯ ದನಿ ಅಡುಗೆಮನೆಯ ಹೊಸ್ತಿಲು ದಾಟಿ ಪಡಸಾಲೆಗೆ ಕೇಳಿಸಿತೆಂದರೆ ತವರುಮನೆಯ ಮಾನ ಹೋದಂತೆ. ಮಾವನೂ ಸೊಸೆಯೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ನಡುವೆ ಅತ್ತೆಯೋ ಮಗುವೋ ಇರಬೇಕು. ನಮ್ಮಲ್ಲಿ ಅತ್ತೆ ಇರಲಿಲ್ಲ, ಇದ್ದ ಒಂದು ಮಗು ಕಿವುಡು. ಹಾಗಾಗಿ ಮುತ್ಯಾ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದ. ಇಂದು ಇಬ್ಬರು ಊಟಕ್ಕೆ ಬರುತ್ತಾರೆ ಎಂದು ಕಂಬಕ್ಕೆ ತಿಳಿಸಿದರೆ ಅವ್ವ ಒಳಗಿಂದ ಬಳೆ ಸದ್ದು ಮಾಡುತ್ತಿದ್ದಳು. ಅದೇ ಉತ್ತರ. ಮಾತು ಬೆಳ್ಳಿ ಮೌನ ಬಂಗಾರ ಎನ್ನುವ ಲೆಕ್ಕದಲ್ಲಿ ನಮ್ಮವ್ವ ಯಲಬುರ್ಗಾ ತಾಲ್ಲೂಕಿಗೇ ಸಾಹುಕಾರ್ತಿ. ನನ್ನೊಡನೆ, ನೆರೆಯವರೊಡನೆ, ಬಂದಾಗ ಅಪ್ಪನೊಡನೆ ಕೂಡ ಅವಳು ಆಡುತ್ತಿದ್ದದ್ದು ಪಿಸುಮಾತನ್ನೇ. ಇವೆಲ್ಲ ನನಗೆ ಆಗ ಕೇಳಿಸಿದ್ದಲ್ಲ. ಅರ್ಧ ನಾನು ಕಂಡದ್ದು, ಅರ್ಧ ಅವ್ವ ಮುಂದೆ ಹೇಳಿದ್ದು.

ನನಗೆ ಆರು ತುಂಬಿದ ಮೇಲೆ ಅಪ್ಪ ಅವ್ವ ಇಬ್ಬರೂ ನನ್ನನ್ನು ಹುಬ್ಬಳ್ಳಿಯ ಒಬ್ಬ ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು. ಕಿವಿ ಪೂರ್ತಿ ಸತ್ತಿಲ್ಲ, ಸ್ವಲ್ಪ ಜೀವ ಉಳಿದಿದೆ ಎಂದು ಅವರು ಹೇಳಿದರು. ಆ ಪ್ರಯಾಣದಿಂದ ಒಂದು ಮಷೀನಿನೊಂದಿಗೆ ಮರಳಿದೆವು. ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಹೋಗುವ ಒಂದು ವೈರು, ವೈರಿನ ತುದಿಗೆ ಕಿವಿಯಲ್ಲಿ ತುರುಕುವ ಬಿರಡೆ. ಡಾಕ್ಟರು ಅವ್ವನಿಗೆ ಹೇಳಿದ್ದನ್ನು ಅವ್ವ ಮಂತ್ರದ ಹಾಗೆ ನೆನಪಿಟ್ಟುಕೊಂಡಿದ್ದಳು.

“ಮಷೀನು ಬರೇ ಸಪ್ಪಳ ಕೊಡ್ತದವಾ, ಮಾತು ಕೊಡೂದಿಲ್ಲ. ಮಾತು ನೀ ಕೊಡಬೇಕು. ಹಿಂದ ನಿಂತು, ನಿನ್ನ ಬಾಯಿ ಕಾಣದಂಗ, ಪೂರಾ ದನಿ ತಗದು ಹೇಳಬೇಕು. ಪಿಸುಮಾತು ಈ ಮಷೀನಿಗೆ ತಿಳಿಯೂದಿಲ್ಲ.”

ಬಾಯಿ ಏಕೆ ಮುಚ್ಚಬೇಕೆಂದರೆ, ನಾನು ತುಟಿ ನೋಡಿ ಊಹಿಸಿಬಿಡುತ್ತಿದ್ದೆ. ಹಾಗೆ ಊಹಿಸುತ್ತ ಹೋದರೆ ಕಿವಿ ಸೋಮಾರಿಯಾಗಿ ಕೂತುಬಿಡುತ್ತದೆ.

ಅವ್ವ ಹಳೆಯ ಕುಪ್ಪಸದ ಖಣದ ತುಂಡಿನಲ್ಲಿ ಒಂದು ಚೀಲ ಹೊಲಿದು ಮಷೀನನ್ನು ನನ್ನ ಎದೆಗೆ ಕಟ್ಟಿದಳು. ಅದನ್ನು ಮೊದಲ ಸಲ ಹಚ್ಚಿದಾಗ ನನಗೆ ಸಂತೋಷವಾಗಲಿಲ್ಲ, ಭಯವಾಯಿತು. ಪಾತ್ರೆ ಬಿದ್ದರೆ ತಲೆಯೊಳಗೇ ಬಿದ್ದಂತೆ. ಅಂಗಿಗೆ ಚೀಲ ಉಜ್ಜಿದರೆ ಖರ್ ಖರ್ ಎಂದು ಯಾರೋ ಗೋಡೆ ಕೆರೆದಂತೆ. ಬಿರಡೆ ಸಡಿಲವಾದರೆ ಮಷೀನು ಕುಂಯ್ ಎಂದು ತಾನೇ ಕೂಗುತ್ತಿತ್ತು. ಆ ಕೂಗು ನನ್ನ ಬಿಟ್ಟು ಊರಿಗೆಲ್ಲ ಕೇಳಿಸುತ್ತಿತ್ತು. ಓಣಿಯ ಮಕ್ಕಳು ಓಡಿಬಂದು ನನ್ನ ಎದೆಯ ಡಬ್ಬಿ ತಿರುವುವ ಸನ್ನೆ ಮಾಡಿ, ಕಿವಿಗೆ ಕೈ ಹಚ್ಚಿ ಕುಣಿಯುತ್ತಿದ್ದರು. ಕೆಪ್ಪಿ ಎಂಬ ಹೆಸರು ಹೋಗಿ ‘ರೇಡಿಯೋ’ ಎಂದಾಯಿತು. ಇದನ್ನು ಬಡ್ತಿ ಎನ್ನಬೇಕೋ ಏನೋ. ಸೆಲ್ಲು ಮುಗಿದರೆ ಅಪ್ಪ ಗಂಗಾವತಿಯಿಂದ ಬರುವತನಕ ಮಷೀನು ಮುಗುಮ್ಮಾಗಿರುತ್ತಿತ್ತು. ಆ ದಿನಗಳು ನನಗೆ ಹಬ್ಬ. ಎದೆ ಖಾಲಿ ಇಟ್ಟುಕೊಂಡು ಉಳಿದ ಮಕ್ಕಳ ಹಾಗೆ ಓಣಿಯಲ್ಲಿ ತಿರುಗುತ್ತಿದ್ದೆ.

ಅವ್ವ ನನ್ನ ಹಿಂದೆ ಕೂತು ಅಡುಗೆಮನೆಯಲ್ಲಿ ಹೆಸರುಗಳನ್ನು ಹೇಳತೊಡಗಿದಳು, ಪಿಸುದನಿಯಲ್ಲಿ. ಪಡಸಾಲೆಯಲ್ಲಿ ಮುತ್ಯಾ ಇದ್ದನಲ್ಲ. ಪಿಸುದನಿಯಲ್ಲಿ ಬರೇ ಗಾಳಿ. ಒಲೆ ಊದಿದಂತೆ ಏನೋ ಬರುತ್ತಿತ್ತು, ಅಷ್ಟೇ. ಅವ್ವ ದನಿ ಏರಿಸಲು ಹೋಗಿ, ಗಂಟಲ ತನಕ ತಂದು, ಮತ್ತೆ ನುಂಗುತ್ತಿದ್ದಳು. ತಿರುಗಿ ನೋಡಿದರೆ ಅವಳ ಮುಖ ಕೆಂಪಾಗಿರುತ್ತಿತ್ತು. ಹೇಸಿಕೆಯ ಕೆಲಸ ಮಾಡಲು ಯಾರೋ ಹೇಳಿದಂತೆ ಆಕೆ ಮುದುಡಿಕೊಳ್ಳುತ್ತಿದ್ದಳು.

ಊರಿನಲ್ಲಿ ನನಗಿಂತ ಮೊದಲೇ ಒಬ್ಬ ಕಿವುಡಿ ಇದ್ದಳು. ವಯಸ್ಸಾದ ಹೆಂಗಸು. ಅವರಿವರ ಮನೆಯ ಸಗಣಿ ಬಾಚಿ, ಕೊಟ್ಟ ರೊಟ್ಟಿಯನ್ನು ಹಿತ್ತಿಲಲ್ಲಿ ಕೂತು ತಿನ್ನುತ್ತಿದ್ದಳು. ಅವಳಿಗೆ ಒಂದು ಹೆಸರು ಇದ್ದೀತೆಂದು ಯಾರಿಗೂ ಅನ್ನಿಸಿರಲಿಲ್ಲ. ಅವ್ವ ಅವಳನ್ನು ಕಂಡಾಗಲೆಲ್ಲ ನನ್ನನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಶಾಲೆಗೆ ಹೋಗದಿದ್ದರೆ ನನ್ನ ಬಾಳೂ ಅದೇ ಹಿತ್ತಿಲಿಗೆ ಬರುತ್ತದೆ ಎಂದು ಅವಳಿಗೆ ಖಚಿತವಾಗಿತ್ತು. ಆದರೆ ಮುತ್ಯಾ ಕಂಬಕ್ಕೆ ಹೇಳಿಬಿಟ್ಟಿದ್ದ: ಮಾತು ಬಂದರೆ ಶಾಲೆ, ಇಲ್ಲದಿದ್ದರೆ ಹತ್ತು ಜನರ ಎದುರು ನಗೆಪಾಟಲಾಗುವುದು ಬೇಡ, ಮನೆಯಲ್ಲೇ ಇರಲಿ.

ಆ ವರ್ಷ ಬಿಳಿಜೋಳ ತೆನೆಗಟ್ಟಿದಾಗ ಅವ್ವನಿಗೆ ದಾರಿ ಸಿಕ್ಕಿತು. ತೆನೆ ಹಾಲುಗಟ್ಟಿದ ಮೇಲೆ ಹಕ್ಕಿ ಕಾಯಬೇಕು. ಹೊಲದ ನಡುವೆ ನಾಲ್ಕು ಕಂಬದ ಮೇಲೆ ಅಟ್ಟಣಿಗೆ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸುತ್ತ, ಬೆಳಗಿಂದ ಸಂಜೆಯವರೆಗೆ ಹಕ್ಕಿಗಳನ್ನು ಕೂಗಿ ಓಡಿಸುವ ಕೆಲಸ. ಹೆಣ್ಣುಮಗಳೊಬ್ಬಳು ಗಂಟಲು ಹರಿಯುವಂತೆ ಕೂಗಿದರೂ ಯಾರೂ ಏನೂ ಅನ್ನದ ಜಾಗ ನಮ್ಮ ಸೀಮೆಯಲ್ಲಿ ಅದೊಂದೇ. ಈ ಸಲ ಆಳು ಬೇಡ, ತಾನೇ ಹೋಗುತ್ತೇನೆ ಎಂದು ಅವ್ವ ಅಪ್ಪನ ಮೂಲಕ ಹೇಳಿಸಿದಳು. ಮುತ್ಯಾ ಒಪ್ಪಿದ.

ಬುತ್ತಿ ಕಟ್ಟಿಕೊಂಡು ನಾವಿಬ್ಬರೂ ಅಟ್ಟಣಿಗೆ ಹತ್ತುತ್ತಿದ್ದೆವು. ನಾನು ತೆನೆಗಳ ಕಡೆ ಮುಖ ಮಾಡಿ ಕೂರಬೇಕು, ಅವ್ವ ಹಿಂದೆ ನಿಲ್ಲಬೇಕು. ಮೊದಲ ದಿನ ಅವಳು ಹಕ್ಕಿಗೆಂದು ಕೂಗಿದ ಕೂಗು ನನ್ನ ಎದೆಯ ಡಬ್ಬಿಯನ್ನು ಹೊಕ್ಕು ಕಿವಿಗೆ ಬಂದಾಗ ನಾನು ಬೆಚ್ಚಿ ತಿರುಗಿದೆ. ಆ ದನಿ ಅವ್ವನದು ಎಂದು ನಂಬಲಾಗಲಿಲ್ಲ. ದಪ್ಪ ದನಿ, ತುಂಬಿದ ದನಿ, ಇಂಥ ಪೀಚು ಹೆಂಗಸಿನೊಳಗೆ ಎಲ್ಲಿ ಅಡಗಿತ್ತೋ. ಅವಳೂ ತನ್ನ ದನಿ ತಾನೇ ಕೇಳಿ ಸ್ವಲ್ಪ ಹೆದರಿದಂತೆ ಕಂಡಳು. ಆಮೇಲೆ ನಕ್ಕಳು.

ಅಲ್ಲಿಂದ ಪಾಠ ಶುರುವಾಯಿತು. ಹಕ್ಕಿಗಳ ಹಿಂಡು ಇಳಿದಾಗ ‘ಹೋ’ ಎನ್ನುವ ಬದಲು ಅವ್ವ ‘ಗಿಣೀಈಈ’ ಎನ್ನುತ್ತಿದ್ದಳು. ‘ಗುಬ್ಬೀಈಈ’, ‘ಕವಣೀಈಈ’, ‘ಬುತ್ತೀಈಈ’. ಹಕ್ಕಿಗಳು ಎಲ್ಲ ಮಾತಿಗೂ ಒಂದೇ ಸಮನೆ ಹೆದರಿ ಓಡುತ್ತಿದ್ದವು. ನಾನು ಮಾತ್ರ ಯಾವುದು ಯಾವುದೆಂದು ಹೇಳಬೇಕಿತ್ತು. ಬುತ್ತಿ ಎಂದರೆ ಬುತ್ತಿ ಮುಟ್ಟಬೇಕು, ಕವಣೆ ಎಂದರೆ ಕವಣೆ. ತಪ್ಪಿದರೆ ಮತ್ತೆ ಕೂಗು. ಸರಿಯಾದರೆ ಕೆಂಡದಲ್ಲಿ ಸುಟ್ಟು ಉಜ್ಜಿದ ಎಳೆಜೋಳದ ಸೀತನಿ ಒಂದು ಮುಷ್ಟಿ.

ಆಗ ನನಗೆ ಏನು ಕೇಳಿಸುತ್ತಿತ್ತು ಎಂದು ಈಗ ಹೇಳುವುದು ಕಷ್ಟ. ಆ, ಊ, ಓ ಇವು ಎತ್ತಿನ ಬಂಡಿಯ ಹಾಗೆ ದೊಡ್ಡದಾಗಿ ಬರುತ್ತಿದ್ದವು. ಮ, ಬ, ಗ ಇವೆಲ್ಲ ಒಂದು ಗುದ್ದು ಗುದ್ದಿ ಹೋಗುತ್ತಿದ್ದವು. ಸ, ಶ, ತ ನನ್ನ ಪಾಲಿಗೆ ಇಲ್ಲವೇ ಇಲ್ಲ. ಮಾತೆಂದರೆ ಅರ್ಧ ಹಲ್ಲು ಬಿದ್ದ ಬಾಯಿ. ಉಳಿದ ಹಲ್ಲುಗಳನ್ನು ಎಣಿಸಿ ಬಾಯಿ ಯಾರದೆಂದು ಹೇಳಬೇಕು. ಆದರೆ ಅವ್ವ ಎಳೆದು ಎಳೆದು ಕೂಗುತ್ತಿದ್ದದ್ದರಿಂದ ನನಗೆ ಹಿಡಿಯಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಜೋಳ ಬಲಿಯುವಷ್ಟರಲ್ಲಿ ಎಷ್ಟೋ ಮಾತು ನನಗೆ ತಿರುಗಿ ನೋಡದೆ ತಿಳಿಯತೊಡಗಿದವು. ನಾನೂ ಹೇಳತೊಡಗಿದೆ. ಪಕ್ಕದ ಹೊಲದ ಹೆಂಗಸರು ಬದುವಿಗೆ ಬಂದು ನಿಂತು, ಇವಳೇನು ಗಿಣಿಗೆ ಬುತ್ತಿ ಉಣ್ಣಲು ಕರೆಯುತ್ತಿದ್ದಾಳೋ ಎಂದು ನಗುತ್ತಿದ್ದರಂತೆ. ಅವ್ವ ಸೆರಗು ಕಚ್ಚಿಕೊಂಡು ಅವರು ಹೋಗುವವರೆಗೆ ಸುಮ್ಮನಿದ್ದು ಮತ್ತೆ ಕೂಗುತ್ತಿದ್ದಳು.

ನಮ್ಮಿಬ್ಬರಿಗೂ ತಿಳಿಯದೆ ಅಲ್ಲೇ ಒಂದು ತಪ್ಪು ನಡೆಯುತ್ತಿತ್ತು. ಮಾತೆಂದರೆ ಹೀಗೇ ಇರುತ್ತದೆ, ಮುಗಿಲಿಗೆ ಮುಟ್ಟುವಂತೆ, ಕೊನೆ ಎಳೆದು ಎಳೆದು, ಎಂದು ನಾನು ತಿಳಿದುಕೊಂಡೆ. ಬೇರೆ ಮಾತನ್ನು ನನ್ನ ಕಿವಿ ಕೇಳಿಯೇ ಇರಲಿಲ್ಲ. ಯುಗಾದಿಗೆ ಬಂದ ಅಪ್ಪನ ಎದುರು ನಾನು ‘ಅಪ್ಪಾಆಆ’ ಎಂದು ಕೂಗಿದಾಗ ಆತ ಅತ್ತುಬಿಟ್ಟ. ಕೂಗಿನ ರೀತಿ ಆತನಿಗೆ ಲೆಕ್ಕಕ್ಕೇ ಬರಲಿಲ್ಲ. ಪಡಸಾಲೆಯಲ್ಲಿದ್ದ ಮುತ್ಯಾ ರುಮಾಲು ಸರಿಮಾಡಿಕೊಂಡು ಬೇರೆ ಕಡೆ ನೋಡಿದ. ಆದರೂ ತಾನು ಕಂಬಕ್ಕೆ ಹೇಳಿದ್ದ ಮಾತಿಗೆ ಕಟ್ಟುಬಿದ್ದು, ಶಾಲೆ ಶುರುವಾದಾಗ ನನ್ನನ್ನು ತಾನೇ ಕರೆದೊಯ್ಯುತ್ತೇನೆ ಎಂದ.

ಮುಂಗಾರಿನ ಮೋಡದ ಒಂದು ಬೆಳಿಗ್ಗೆ ಮುತ್ಯಾ ನನ್ನ ಕೈ ಹಿಡಿದು ಶಾಲೆಗೆ ನಡೆದ. ಕೈ ಹಿಡಿದದ್ದೇ ದೊಡ್ಡದು. ಜ್ವರದ ನಂತರ ಆತ ನನ್ನೊಡನೆ ಮಾತಾಡಿರಲಿಲ್ಲ, ಬಾ ಹೋಗು ಎಂದು ಕೈಸನ್ನೆ ಮಾಡುತ್ತಿದ್ದ ಅಷ್ಟೇ. ಹೆಡ್‌ಮಾಸ್ತರು ಹಿರಿಯರು ಬಂದರೆಂದು ಕುರ್ಚಿ ಹಾಕಿಸಿದರು. ವಯಸ್ಸು ನೋಡಲು, ತಲೆಯ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟು ಎಂದು ಮಾಡಿ ತೋರಿಸಿದರು. ಮುಟ್ಟಿದೆ. ನನ್ನ ಕಿವಿ ಆ ಕೆಲಸಕ್ಕಾದರೂ ಬಂತು. ಆಮೇಲೆ ಅವರು ನನ್ನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಹಿಂದೆ ನಿಂತು ಮಾತಾಡಿಸಿದರು. ಹಾಜರಿ ಕರೆದಾಗ ಮಗು ಓ ಎನ್ನಬೇಕು, ಪಾಠ ಕೇಳಬೇಕು. ಮಾಸ್ತರು ಕರಿಹಲಗೆ ಕಡೆ ತಿರುಗಿಯೂ ಮಾತಾಡುತ್ತಾರಲ್ಲ. ಅವರು ಕೇಳಿದ್ದು ನ್ಯಾಯವಾದದ್ದೇ.

ನನಗೆ ಸಪ್ಪಳ ಬಂತು, ಮಾತು ಬರಲಿಲ್ಲ. ಅವರ ದನಿ ಗಿಡ್ಡ, ಮೊಂಡ, ಬಾಯಲ್ಲಿ ತಂಬಾಕು ಬೇರೆ. ಇಡೀ ಮಾತು ಒಂದು ಗುದ್ದಿನಲ್ಲಿ ಮುಗಿದುಹೋಗುತ್ತಿತ್ತು. ಏನೋ ಕೇಳುತ್ತಿದ್ದಾರೆ, ನಾನು ಏನೋ ಹೇಳಬೇಕು, ಎಲ್ಲರೂ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎಂಬಷ್ಟು ತಿಳಿಯುತ್ತಿತ್ತು. ಎದುರಿಗೆ ಸುಣ್ಣ ಉದುರಿದ ಗೋಡೆ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನ್ನುವುದು ಬರೇ ಮಾತಲ್ಲ, ಆ ವಯಸ್ಸಿಗೇ ನನ್ನ ಪಾದಗಳು ನೆಲವನ್ನು ಒತ್ತಿ ನೋಡಿದ್ದವು. ಮಷೀನು ಆಗಲೇ ಕುಂಯ್ ಎಂದು ಕೂಗಲು ಶುರುಮಾಡಿರಬೇಕು. ನನಗದು ಕೇಳಿಸದಿದ್ದರೂ, ಓರೆಗಣ್ಣಿಗೆ ಮಕ್ಕಳ ಭುಜಗಳು ನಗೆಯಲ್ಲಿ ಅಲುಗುವುದು ಕಾಣುತ್ತಿತ್ತು.

ಆಗ ಬಂತು ಅವ್ವನ ಕೂಗು.

ಅವಳು ನಮ್ಮ ಹಿಂದೆಯೇ ಬಂದು ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದಳಂತೆ. ಮಾಸ್ತರರು ಕೇಳಿದ್ದನ್ನೇ ಅವಳು ಹಕ್ಕಿ ಕಾಯುವ ದನಿಯಲ್ಲಿ ಕೂಗಿ ಕೇಳಿದಳು: “ನಿನ್ನ ಹೆಸರೇನವ್ವಾಆಆ?”

ಮಾವನ ಎದುರು, ಮಾಸ್ತರರ ಎದುರು, ಶಾಲೆಗೆ ಶಾಲೆಯ ಎದುರು. ನಾನು ತಿರುಗದೆ, ಅದೇ ದನಿಯಲ್ಲಿ, ಅಷ್ಟೇ ಎಳೆದು, ಸೂರು ಹಾರುವಂತೆ ನನ್ನ ಹೆಸರು ಕೂಗಿದೆ. ಸರಿಯಾಗಿ ಹೇಳಿದೆನೆಂಬ ಹೆಮ್ಮೆಯಲ್ಲಿ ತಿರುಗಿ ನೋಡಿದರೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದರು. ಮಾಸ್ತರರೂ ಮೀಸೆಯಡಿ ನಗುತ್ತಿದ್ದರು. ಒಬ್ಬ ಹುಡುಗ ಎದ್ದು ನಿಂತು ಕವಣೆ ಬೀಸುವ ಆಟ ಮಾಡಿ ತೋರಿಸಿದ. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಮುಖ ಮಾಡಿದ್ದಳು. ಮುತ್ಯಾ ತನ್ನ ಕಾಲಿನ ಜೋಡುಗಳನ್ನೇ ನೋಡುತ್ತಿದ್ದ. ನಾವು ಮೂವರೂ ಮೂರು ಕಡೆ ನೋಡುತ್ತ ನಿಂತ ಆ ಗಳಿಗೆಯನ್ನು ನೆನೆದರೆ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಕೇಳಿಸದಿದ್ದರೂ ಬಿಸಿಯಾಗಲು ಅವಕ್ಕೇನೂ ಅಡ್ಡಿಯಿಲ್ಲ.

ಹೆಡ್‌ಮಾಸ್ತರು ಕೆಟ್ಟವರಲ್ಲ. ಹಿಂದೆ ಬಂದು ಕೂತಿರಲಿ, ಹೆಸರು ಮಾತ್ರ ಈಗಲೇ ಹಚ್ಚುವುದಿಲ್ಲ ಎಂದರು. ದಸರಾ ಸೂಟಿಯೊಳಗೆ, ಮುಖ ನೋಡದೆ ಹೊರಗಿನವರ ಸಾದಾ ಮಾತು ತಿಳಿದರೆ ಹಚ್ಚೋಣ, ಇಲ್ಲದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ. ತಾಯಿಯ ಕೂಗು ಒಂದೇ ತಿಳಿದರೆ ತಾಯಿಯನ್ನೂ ಶಾಲೆಗೆ ಹಚ್ಚಬೇಕಾಗುತ್ತದಲ್ಲ ಎಂದು ನಗೆಯಾಡಿದರಂತೆ. ಮುತ್ಯಾ ನಗಲಿಲ್ಲ.

ಮನೆಗೆ ಬಂದು ಆತ ಕಂಬಕ್ಕೆ ಹೇಳಿದ: “ಮಂದ್ಯಾಗ ಒದರೂದು ನಮ್ಮ ಮನಿತನಕ್ಕ ಒಪ್ಪೂದಿಲ್ಲ.” ಒಳಗಿನಿಂದ ಬಳೆ ಸದ್ದು ಬರಲಿಲ್ಲ. ಅವ್ವ ಅಂದು ಉಣ್ಣಲಿಲ್ಲ. ಅವಳಿಗೆ ಆದ ಅವಮಾನಕ್ಕೆ ಕಾರಣ ನಾನೆಂಬುದು ನನಗೆ ತಿಳಿಯುತ್ತಿತ್ತು. ಮಷೀನು ಕಳಚಿ ಕಾಳಿನ ಗಡಿಗೆಯಲ್ಲಿ ಹಾಕಿ ಬಾಯಿ ಮುಚ್ಚಿದೆ. ಅವ್ವ ಹುಡುಕಿ ತೆಗೆದು, ಸೆರಗಿನಿಂದ ಧೂಳೊರೆಸಿ, ಮತ್ತೆ ನನ್ನ ಎದೆಗೇ ಕಟ್ಟಿದಳು.

ಹೊಲದಲ್ಲಿ ಈಗ ತೆನೆ ಇರಲಿಲ್ಲ, ಕೂಗುವುದಕ್ಕೆ ನೆಪವೂ ಇರಲಿಲ್ಲ. ಕೂಗಿನಿಂದ ಪ್ರಯೋಜನವಿಲ್ಲ ಎನ್ನುವುದೂ ಅವಳಿಗೆ ಗೊತ್ತಾಗಿಹೋಗಿತ್ತು. ನನಗೆ ಬೇಕಾದದ್ದು ಮನೆಯ ಮಾತು. ಸಾದಾ ಮಾತು, ಆದರೆ ಪೂರಾ ದನಿ ತೆಗೆದು ಆಡಿದ ಮಾತು. ಅದನ್ನು ಆಡಲು ಇದ್ದ ಜಾಗ ಮನೆಯೊಂದೇ.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನನ್ನನ್ನು ಒಲೆಯ ಕಡೆ ಮುಖ ಮಾಡಿ ಕೂರಿಸಿದಳು. ಹಿಂದಿನಿಂದ, ಕೂಗದೆ, ಪಿಸುಗುಟ್ಟದೆ, ಮನುಷ್ಯರು ಮಾತಾಡುವ ಹಾಗೆ ಮಾತಾಡಿದಳು. ಜೋಳದ ಹಿಟ್ಟು ನಾದಬೇಕು, ನೀರು ಬಿಸಿ ಇರಬೇಕು, ಹಂಚು ಕಾಯಬೇಕು. ದನಿ ನಡುಗುತ್ತಿತ್ತು, ಅದು ನನಗೂ ತಿಳಿಯಿತು. ಅಡುಗೆಮನೆಯ ಹೊಸ್ತಿಲು ದಾಟಿ ಪಡಸಾಲೆಗೆ ಅದು ನಿಚ್ಚಳವಾಗಿ ಕೇಳಿಸಿರಲೇಬೇಕು. ನಾನು ಕದ್ದು ಬಾಗಿಲ ಕಡೆ ನೋಡಿದೆ. ಮುತ್ಯಾ ಎದ್ದು ನಿಂತಿದ್ದ. ಬಂದು ಬೈಯುತ್ತಾನೆ ಎಂದುಕೊಂಡೆ. ಆತ ರುಮಾಲು ಸುತ್ತಿಕೊಂಡ, ಕೋಲು ತೆಗೆದುಕೊಂಡ, ಹೊರಗೆ ಹೋಗಿ ಹನುಮಪ್ಪನ ಗುಡಿಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತ.

ಸಿಟ್ಟಾಗಿ ಹೋದನೆಂದೇ ನಾವು ತಿಳಿದೆವು. ಅವ್ವ ಅಂದು ಇಡೀ ದಿನ ಬಾಗಿಲ ಕಡೆ ನೋಡುತ್ತಲೇ ಕಳೆದಳು. ಆದರೆ ಮರುದಿನವೂ ಪಾಠ ಬಿಡಲಿಲ್ಲ, ಮರುದಿನವೂ ಮುತ್ಯಾ ಎದ್ದು ಹೋದ. ಆಮೇಲೆ ಅದೇ ರೂಢಿಯಾಯಿತು. ರೊಟ್ಟಿಯ ಸಪ್ಪಳ ನಿಂತದ್ದೇ ಆತ ಏಳುತ್ತಿದ್ದ. ಎಷ್ಟೋ ವರ್ಷ ಆತನನ್ನು ಪಡಸಾಲೆಯಲ್ಲೇ ಕಂಡ ಜನ ಈಗ ಕಟ್ಟೆಯ ಮೇಲೆ ಕಂಡು ಕೇಳದೆ ಬಿಡಲಿಲ್ಲ. ಮನೆಯಲ್ಲಿ ಸೆಕೆ ಎನ್ನುತ್ತಿದ್ದನಂತೆ. ಆಷಾಢದ ಗಾಳಿ ರುಮಾಲು ಹಾರಿಸುವಂತೆ ಬೀಸುವಾಗಲೂ ಸೆಕೆ. ನ್ಯಾಯ ಕೇಳಲು ಬಂದವರೂ ಕಟ್ಟೆಗೇ ಬರಬೇಕಾಯಿತು. ಸೊಸೆ ಮಾವನನ್ನು ಮನೆಯಿಂದ ಹೊರಗೆ ಹಾಕ್ಯಾಳ ಎಂದು ಬಾವಿಯ ಹತ್ತಿರ ಹೆಂಗಸರು ಆಡಿಕೊಂಡರು. ಅದನ್ನು ಕೇಳಿ ಬಂದ ದಿನ ಅವ್ವ ಪಾಠದ ನಡುವೆ ಅತ್ತಳು. ಅಳುತ್ತಲೇ ಹೇಳಿದ ಮಾತುಗಳನ್ನು ನಾನು ಹಿಡಿಯಲಾರದೆ ಬೈಸಿಕೊಂಡೆ. ಮುದುಕನೊಬ್ಬ ನನ್ನ ದೆಸೆಯಿಂದ ಬೀದಿಯಲ್ಲಿ ಕೂರುತ್ತಾನಲ್ಲ ಎಂದು ನಾಚಿಕೆಯಿಂದ ನಾನು ಆ ಕಟ್ಟೆಯ ದಾರಿ ಬಿಟ್ಟು ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆ. ಶಾಲೆಯಲ್ಲಿ ಹೆಸರಿಲ್ಲದವಳು ಹಿಂದಿನ ಗೋಡೆಗೆ ಒರಗಿ ಕೂತು, ಹಾಜರಿ ಕರೆಯುವಾಗ ಉಳಿದವರೆಲ್ಲ ಓ ಎನ್ನುವುದನ್ನು ನೋಡುತ್ತಿದ್ದೆ.

ಸಾದಾ ಮಾತು ಕಲಿಯುವುದು ಕೂಗಿಗಿಂತ ಕಷ್ಟವಾಗಿತ್ತು. ಅದು ನಿಲ್ಲದೆ ಓಡುತ್ತದೆ, ನಮಗಾಗಿ ಕಾಯುವುದಿಲ್ಲ. ಒಂದು ಹಿಡಿಯುವುದರೊಳಗೆ ಮೂರು ಹೋಗಿರುತ್ತವೆ. ಅವ್ವ ನನ್ನ ದನಿಯನ್ನೂ ಇಳಿಸಬೇಕಿತ್ತು. ನಾನು ಎಳೆದಾಗಲೆಲ್ಲ ನನ್ನ ಬೆನ್ನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತುತ್ತಿದ್ದಳು. ಎಳೆದರೆ ಒತ್ತು, ಬಿಟ್ಟರೆ ಬಿಡು. ಅವಳ ಗದರಿಕೆಗಿಂತ ಆ ಅಂಗೈ ಹೆಚ್ಚು ಕಲಿಸಿತು. ಆದರೂ ಅವಳ ದನಿ ಬಿಟ್ಟು ಬೇರೆ ಯಾರ ದನಿಯೂ ನನಗೆ ಮಾತಾಗಿ ಬಂದಿರಲಿಲ್ಲ. ದಸರೆ ಹತ್ತಿರ ಬರುತ್ತಿತ್ತು. ಅವ್ವ ಸೊರಗುತ್ತಿದ್ದಳು.

ಸೂಟಿಗೆ ಸ್ವಲ್ಪ ದಿನವಿರುವಾಗ ಒಂದು ಬೆಳಿಗ್ಗೆ, ಪಾಠದ ನಡುವೆಯೇ ಮಳೆ ಬಂತು. ಅವ್ವ ತಟ್ಟನೆ ಮಾತು ನಿಲ್ಲಿಸಿದಳು. ಮುತ್ಯಾ ಕಂಬಳಿ ಒಯ್ದಿರಲಿಲ್ಲ. ಅವಳು ನನ್ನ ಮಷೀನಿಗೆ ಎಣ್ಣೆಕಾಗದ ಸುತ್ತಿ, ನನಗೆ ತಲೆಯ ಮೇಲಿಂದ ಕಂಬಳಿಯ ಕೊಪ್ಪೆ ಹಾಕಿ, ಮುತ್ಯಾನನ್ನು ಕರೆದುಕೊಂಡು ಬಾ ಎಂದು ಕಳಿಸಿದಳು. ಹೋಗುವಷ್ಟರಲ್ಲಿ ಮಳೆ ಜಿಟಿಜಿಟಿಗೆ ಇಳಿದಿತ್ತು. ಮುತ್ಯಾ ನನಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತಿದ್ದ. ರುಮಾಲು ತೊಯ್ದು ಕಿವಿಗಿಳಿದಿತ್ತು. ಆತನ ಎದುರು ಕೊಡೆ ಹಿಡಿದು ಹೆಡ್‌ಮಾಸ್ತರು ನಿಂತಿದ್ದರು. ಕೊಡೆಯಡಿ ಅವರ ಮುಖ ಕಾಣುತ್ತಿರಲಿಲ್ಲ. ಅವರು ಏನೋ ಕೇಳಿದರು. ನನಗೆ ಬರೇ ಸಪ್ಪಳ.

ಮುತ್ಯಾ ಕೋಲಿನ ತುದಿಯಿಂದ ಕಟ್ಟೆಯ ಮೇಲಿನ ನೀರು ಸರಿಸಿದ. ಆಮೇಲೆ ಹೇಳಿದ:

“ಮನ್ಯಾಗ ನನ್ನ ಸೊಸಿ ಮಾತಾಡಾಕತ್ತಾಳ್ರಿ. ಆಕಿ ಮಾತು ಮುಗಿಯೂತನಕ ನಾ ಇಲ್ಲೇ ಕುಂದರತೀನಿ.”

ಆತನ ಬಾಯಿ ನಾನು ಕಂಡಿರಲಿಲ್ಲ. ಬೆನ್ನು ಕಂಡಿದ್ದೆ, ತೊಯ್ದ ರುಮಾಲು ಕಂಡಿದ್ದೆ. ಅಲ್ಲೊಂದು ಇಲ್ಲೊಂದು ಅಕ್ಷರ ಬಿದ್ದುಹೋಗಿದ್ದರೂ ಮಾತು ಇಡಿಯಾಗಿ ಬಂದು ನನ್ನ ಕಿವಿಯಲ್ಲಿ ಕೂತಿತು. ಬಂದದ್ದು ಮಾತು ಎಂದು ತಿಳಿಯುವ ಮೊದಲೇ ನಾನು ಉತ್ತರ ಕೊಟ್ಟಿದ್ದೆ, ಬೆನ್ನ ಮೇಲೆ ಅವ್ವನ ಅಂಗೈ ಇದ್ದಂತೆ, ಸಣ್ಣ ದನಿಯಲ್ಲಿ.

“ಅವ್ವನ ಮಾತು ಮುಗದಾವ ಮುತ್ಯಾ. ಮನಿಗೆ ಬಾ.”

ಕೊಡೆ ಮೇಲೆದ್ದಿತು. ಹೆಡ್‌ಮಾಸ್ತರರ ಮುಖ ಕಂಡಿತು. ಅವರು ನನ್ನನ್ನು ನೋಡಿದರು, ಮುತ್ಯಾನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾಳೆಯಿಂದ ಹಾಜರಿ ಕರೆದಾಗ ಇಷ್ಟೇ ಮೆಲ್ಲಗೆ ಓ ಅನ್ನು ಎಂದು, ನನಗೆ ಕಾಣುವಂತೆ ತುಟಿ ಬಿಡಿಸಿ ಹೇಳಿ, ಹೊರಟುಹೋದರು.

ಮುತ್ಯಾ ಏಳಲಿಲ್ಲ. ತಿರುಗಲೂ ಇಲ್ಲ. ತಲೆ ತಗ್ಗಿಸಿ ಕೂತ. ಅಲ್ಲಿಯವರೆಗೆ ನನ್ನೆದುರು ಯಾರು ಏನು ಬೇಕಾದರೂ ಆಡಬಹುದಿತ್ತು. ಸೆಕೆಯ ನೆಪ ಹೇಳಿ ಆತ ಹತ್ತು ಜನರಿಂದ ಬಚ್ಚಿಟ್ಟಿದ್ದ ಮಾತು ಈಗ ನನ್ನ ಕಿವಿಗೇ ಬಿದ್ದಿತ್ತು. ಆತನಿಗೆ ನಾಚಿಕೆಯಾಗಿತ್ತು. ಅದನ್ನು ಕೇಳಿಸಿಕೊಂಡದ್ದಕ್ಕೆ ನನಗೂ ಆಗಿತ್ತು. ಕೊಪ್ಪೆ ತೆಗೆದು ಆತನ ಹೆಗಲಿಗೆ ಹಾಕಿ, ಏನು ಮಾಡಬೇಕೆಂದು ತಿಳಿಯದೆ ಹಿಂದೆಯೇ ನಿಂತೆ.

ಆಗ ಆತ, ನನಗೆ ಬೆನ್ನು ಮಾಡಿಯೇ, ರಸ್ತೆ ನೋಡುತ್ತ, ಜ್ವರದ ನಂತರ ಮೊದಲ ಸಲ, ಕೈಸನ್ನೆ ಮಾಡದೆ ಕೇಳಿದ: “ನಿಮ್ಮವ್ವ ಇವತ್ತ ಏನು ಕಲಿಸ್ಯಾಳ?”

ನಾನು ಹೇಳಿದೆ. ಹೇಳಿ ಮುಗಿಸುವವರೆಗೂ ಮುತ್ಯಾ ತಿರುಗಲಿಲ್ಲ.